ಬ್ಯಾನರಿಗೊಂದು ಹಿಡಿ ಹೊಗೆ

ಶಿರಾದ ಫ್ಲೆಕ್ಸ್ ಅಂಗಡಿಯೊಂದಕ್ಕೆ ಡಿಸೈನರ್ ಆಗಿ ಸೇರಿದ ಹೊಸದರಲ್ಲಿ ನನಗೆ ಹಾಕಲು ಬರುತ್ತಿದ್ದ ಬೆಳಕು ಒಂದೇ: ತಲೆಯ ಹಿಂದೆ ಹಳದಿ ಸೂರ್ಯ. ಹುಟ್ಟುಹಬ್ಬದ ಶುಭಾಶಯವಿರಲಿ, ಗ್ರಾಮ ಪಂಚಾಯಿತಿಗೆ ಗೆದ್ದವರ ಅಭಿನಂದನೆಯಿರಲಿ, ಬಂದವರು ಕೇಳುತ್ತಿದ್ದುದೂ ಅದನ್ನೇ. "ನಮ್ಮಣ್ಣನ ಹಿಂದ್ಗಡೆ ಒಸಿ ಗ್ಲೋ ಜಾಸ್ತಿ ಹಾಕಮ್ಮ" ಎಂದು ನನ್ನ ಕುರ್ಚಿಯ ಹಿಂದೆ ನಿಂತು ಹೇಳುವರು. ಹಾಕಿದರೆ "ಇನ್ನೊಸಿ" ಎನ್ನುವರು. ಅಣ್ಣನ ಕಿವಿಗಳೆರಡೂ ಬೆಳಕಿನಲ್ಲಿ ಕರಗಿಹೋಗುವವರೆಗೆ ಹಾಕಿಸಿಕೊಂಡು ಸಂತೋಷದಿಂದ ಹೋಗುವರು.

ಅಂಗಡಿಯ ಯಜಮಾನರು ಪಾವಗಡದ ಕಡೆಯವರು. ಮಾತಿಗೆ ನಿಂತರೆ ಅರ್ಧ ಕನ್ನಡ, ಅರ್ಧ ತೆಲುಗು. ನಾವು ಡಿಸೈನ್ ಮಾಡಿ ಫೈಲನ್ನು ತುಮಕೂರಿಗೆ ಕಳಿಸಿದರೆ ಅಲ್ಲಿ ಪ್ರಿಂಟಾಗಿ, ಸುರುಳಿ ಸುತ್ತಿಕೊಂಡು ಬ್ಯಾನರು ಬಸ್ಸಿನಲ್ಲಿ ಬರುತ್ತಿತ್ತು. ಅದೇ ಬೀದಿಯ ತಿರುವಿನಲ್ಲಿ ಅಬ್ಬಾ, ಅಂದರೆ ನನ್ನ ತಂದೆ, ಅತ್ತರು, ಸುರ್ಮಾ, ಟೋಪಿ, ಲೋಬಾನ ಮಾರುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಲೋಬಾನ ಎಂದರೆ ಸಾಂಬ್ರಾಣಿಯಂಥದೇ ಒಂದು ಅಂಟು, ಕೆಂಡದ ಮೇಲೆ ಉದುರಿಸಿದರೆ ಘಮಘಮ ಹೊಗೆ ಏಳುತ್ತದೆ. ಮಧ್ಯಾಹ್ನ ನಾನು ಬುತ್ತಿ ಬಿಚ್ಚುತ್ತಿದ್ದುದು ಅಬ್ಬಾನ ಅಂಗಡಿಯಲ್ಲಿ. ಸಂಜೆ ಮನೆಗೆ ಹೋಗುತ್ತಿದ್ದುದು ಅವರ ಸ್ಕೂಟರಿನ ಹಿಂದೆ. ಮಗಳು ಕಂಪ್ಯೂಟರಿನ ಮುಂದೆ ಕೂತು ದೊಡ್ಡ ಮನುಷ್ಯರ ಮುಖ ತಿದ್ದುತ್ತಾಳೆ ಎಂದು ಅವರು ಗಿರಾಕಿಗಳಿಗೆ ಹೇಳಿಕೊಳ್ಳುತ್ತಿದ್ದರು. ಕತ್ತರಿಸಿ ಅಂಟಿಸುವುದಷ್ಟೇ ನನಗೆ ಬರುತ್ತಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮದಲೂರು ಕೆರೆ ತುಂಬಿದ ವರ್ಷ ಅದು. ಆ ಕೆರೆಯ ಪಕ್ಕದ ಹಳ್ಳಿಯೊಂದರಿಂದ ಒಂದು ದಿನ ಹೆಂಗಸರ ಗುಂಪೊಂದು ಅಂಗಡಿಗೆ ನುಗ್ಗಿತು. ಕೂರಲು ಇದ್ದ ಬೆಂಚು ಸಾಲದೆ ಅರ್ಧ ಜನ ಹೊರಗೆ ಮೆಟ್ಟಿಲ ಮೇಲೆ ಕೂತರು. ಅವರ ಮುಂದಾಳು ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ಎತ್ತರದ ಆಳು, ಗಟ್ಟಿ ದನಿ.

"ನಾವು ನಾಟ್ಕ ಆಡ್ತಿದೀವಿ ಕಣಮ್ಮ" ಎಂದರು. "ಕೆರೆ ತುಂಬೈತಲ್ಲ, ಅದ್ಕೇ. ಗಂಡುಸ್ರು ಒಬ್ರೂ ಇಲ್ಲ. ರಾಜನೂ ನಾವೇ, ಮಂತ್ರಿನೂ ನಾವೇ, ಕತ್ತಿ ಹಿಡ್ದು ಹೊಡ್ದಾಡೋರೂ ನಾವೇ."

"ಹಾರ್ಮೋನಿಯಂ ಮೇಷ್ಟ್ರು ಗಂಡುಸ್ರಲ್ವೇನಕ್ಕ?" ಎಂದು ಮೆಟ್ಟಿಲ ಮೇಲಿಂದ ಯಾರೋ ಕೇಳಿದರು.

"ಅವ್ರು ಪಕ್ಕದಾಗೆ ಕುಂತಿರ್ತಾರೆ, ಲೆಕ್ಕಕ್ಕಿಲ್ಲ ಬುಡು."

ಎಲ್ಲರೂ ನಕ್ಕರು. ನಾಟಕ ಬರೆದುಕೊಟ್ಟಿದ್ದು ಮಾತ್ರ ಆ ಮೇಷ್ಟ್ರೇ. ಒಬ್ಬ ರಾಜ, ಅವನ ರಾಣಿ, ರಾಜ್ಯವನ್ನು ನುಂಗಲು ಬರುವ ಒಬ್ಬ ಮಾಂತ್ರಿಕ, ಇಷ್ಟು ಕಥೆ. ಬ್ಯಾನರಿನಲ್ಲಿ ಎಲ್ಲರೂ ವೇಷದಲ್ಲಿ ಕಾಣಬೇಕು. ಆದರೆ ಕಿರೀಟ, ಕವಚ, ಗದೆ ಎಲ್ಲ ಬಾಡಿಗೆಗೆ ಬರುವುದು ನಾಟಕದ ದಿನ. ಹಾಗಾಗಿ ಬರೀ ಮುಖದ ಫೋಟೋ ತೆಗೆದು, ಉಳಿದದ್ದನ್ನು ನಾನೇ ತೊಡಿಸಬೇಕು. ಅಂಗಡಿಯ ಬಿಳಿ ಗೋಡೆಯ ಮುಂದೆ ಒಬ್ಬೊಬ್ಬರನ್ನೇ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆಯತೊಡಗಿದೆ. ರಾಜನ ಪಾತ್ರದ ಅಧ್ಯಕ್ಷೆ ಹುಬ್ಬು ಗಂಟಿಕ್ಕಿ ನಿಂತ ರೀತಿಗೆ ನನಗೇ ಭಯವಾಯಿತು.

ಕೊನೆಯಲ್ಲಿ ಮಾಂತ್ರಿಕ ಬಂದ. ಎಂದರೆ, ಆ ಪಾತ್ರದ ಹೆಂಗಸು. ನಲವತ್ತರ ಆಸುಪಾಸಿನ, ತೆಳ್ಳಗಿನ ಮೈಕಟ್ಟಿನವರು. ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವರು ಎಂದು ಅಧ್ಯಕ್ಷೆ ಪರಿಚಯ ಮಾಡಿಸಿದರು. ಆಕೆ ಸೆರಗನ್ನು ಕಿವಿಯ ಮೇಲಿಂದ ತಂದು ಎಡಗೆನ್ನೆ ಮುಚ್ಚುವಂತೆ ಹಿಡಿದುಕೊಂಡೇ ನಿಂತರು.

"ಸೆರಗು ತೆಗಿಯೇ. ಮಾಂತ್ರಿಕ ಸೆರಗು ಹೊದ್ಕಂತಾನಾ?" ಎಂದು ಅಧ್ಯಕ್ಷೆ ರೇಗಿದರು.

ಆಕೆ ಸೆರಗು ಇಳಿಸಿದರು. ಎಡಗೆನ್ನೆಯ ಮೇಲೆ, ಕಿವಿಯಿಂದ ತುಟಿಯ ಅಂಚಿನವರೆಗೆ ಬಿಳಿ ಮಚ್ಚೆ ಇತ್ತು. ತೊನ್ನು. ನಾನು ಫೋಟೋ ತೆಗೆದ ಕೂಡಲೇ ಸೆರಗು ಮತ್ತೆ ಮೇಲೆ ಹೋಯಿತು.

ಉಳಿದವರು ಚಹಾ ಕುಡಿಯಲು ಹೋದಾಗ ಆಕೆ ಹಿಂದೆಯೇ ಉಳಿದರು. ಬೆಂಚಿನ ತುದಿಯಲ್ಲಿ ಕೂತು, ಯಜಮಾನರು ಫೋನಿನಲ್ಲಿ ಮಾತಾಡುತ್ತಿದ್ದುದನ್ನು ನೋಡಿಕೊಂಡು, ಮೆಲ್ಲಗೆ ಕೇಳಿದರು.

"ತಾಯೀ, ಈ ಕಡೆ ಕೆನ್ನೆ ಕಾಣ್ದಂಗೆ ಏನಾರ ಮಾಡಕಾಯ್ತದಾ?"

"ಅಳಿಸಿಬಿಡಬಹುದಕ್ಕ. ಪಕ್ಕದ ಬಣ್ಣ ತಂದು ಅಲ್ಲಿಗೆ ಹಚ್ಚಿದರೆ ಗುರುತೇ ಸಿಗಲ್ಲ" ಎಂದೆ. ಮೊಡವೆ, ಕಲೆ, ಸುಕ್ಕು ಅಳಿಸುವುದು ನಮಗೆ ದಿನದ ಕೆಲಸ.

"ಅಳ್ಸೋದು ಬ್ಯಾಡ" ಎಂದು ಆಕೆ ತಟ್ಟನೆ ಹೇಳಿದರು. "ಊರೆಲ್ಲ ನಗ್ತದೆ. ನೋಡ್ರಪ್ಪಾ, ಬ್ಯಾನರ್‌ನಾಗೆ ವಾಸಿ ಮಾಡ್ಕಂಡವ್ಳೆ ಅಂತಾರೆ. ಹೊಗೆ ಹಾಕು. ಮಾಂತ್ರಿಕ ಅಂದ್ಮ್ಯಾಕೆ ಹೊಗೆ ಇರ್ತದಲ್ಲ? ಹೊಗೆ ಅಡ್ಡ ಬಂದ್ರೆ ಯಾರೂ ಏನೂ ಅನ್ನಂಗಿಲ್ಲ."

ಆಗಲಿ ಎಂದೆ. ಅಳಿಸುವುದಕ್ಕೂ ಮರೆಮಾಡುವುದಕ್ಕೂ ಆಕೆ ಕಂಡುಕೊಂಡಿದ್ದ ವ್ಯತ್ಯಾಸ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಆಕೆಗೆ ಬೇರೆ ಮುಖ ಬೇಕಿರಲಿಲ್ಲ. ಇರುವ ಮುಖದ ಮುಂದೆ ಏನಾದರೂ ಹಾದುಹೋದರೆ ಸಾಕಿತ್ತು.

ಆದರೆ ಹೊಗೆ ಮಾಡುವುದು ನನಗೆ ಬರುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ನಮ್ಮ ಹತ್ತಿರ ಸಿದ್ಧ ಹೊಗೆಯ ಚಿತ್ರಗಳಿದ್ದವು, ಯಾರೋ ಯಾವಾಗಲೋ ಇಳಿಸಿಟ್ಟವು. ಅದನ್ನೊಂದು ಎತ್ತಿ ಮಾಂತ್ರಿಕನ ಕೆನ್ನೆಗೆ ಅಂಟಿಸಿದೆ. ಹಲ್ಲುನೋವಿಗೆ ಬಟ್ಟೆ ಕಟ್ಟಿಕೊಂಡಂತೆ ಕಂಡಿತು. ದೊಡ್ಡ ಮೆತ್ತನೆ ಕುಂಚ ಹಿಡಿದು ನಾನೇ ಬಿಳಿ ಬಣ್ಣ ಬಳಿದು, ಬೆರಳಾಡಿಸಿದಂತೆ ತೀಡಿದೆ. ಯಜಮಾನರು ಬಂದು ಕನ್ನಡಕ ಏರಿಸಿ ನೋಡಿದರು.

"ಇದಿ ಪೊಗ ಕಾದಮ್ಮಾ, ದೂದಿ" ಎಂದರು. ನಾನು ಅರ್ಥವಾಗದೆ ಮುಖ ನೋಡಿದೆ. "ಹೊಗೆಯಲ್ಲ ಕಣಮ್ಮ ಇದು, ಹತ್ತಿ. ಹಾಸಿಗೆ ಮಾಡಬೌದು."

ಯೂಟ್ಯೂಬಿನಲ್ಲಿ ಹುಡುಕಿದೆ. ಹಿಂದಿಯವರು ಬಹಳ ಬೇಗ ಮಾತಾಡುತ್ತಿದ್ದರು. ಒಬ್ಬ ತೆಲುಗು ಹುಡುಗ ನಿಧಾನವಾಗಿ ಹೇಳಿಕೊಡುತ್ತಿದ್ದ. ಯಜಮಾನರು ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಅದನ್ನು ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದರು. ನಿಜವಾದ ಹೊಗೆಯನ್ನು ಕಪ್ಪು ಬಟ್ಟೆಯ ಮುಂದೆ ಹಿಡಿದು ಫೋಟೋ ತೆಗೆಯಬೇಕು. ಆ ಫೋಟೋವನ್ನು ನಮ್ಮ ಚಿತ್ರದ ಮೇಲೆ ಒಂದು ಲೇಯರ್ ಆಗಿ, ಗಾಜಿನ ಹಾಳೆ ಹಾಸಿದಂತೆ ಹಾಸಬೇಕು. ಆಮೇಲೆ ಆ ಲೇಯರಿಗೆ 'ಸ್ಕ್ರೀನ್' ಎಂಬ ಆಯ್ಕೆ ಕೊಟ್ಟರೆ ಕಪ್ಪೆಲ್ಲ ಮಾಯವಾಗಿ ಹೊಗೆ ಮಾತ್ರ ಉಳಿಯುತ್ತದೆ.

"ಹೊಗೆಗೆ ಸಿಗರೇಟು ಹಚ್ಚಬೇಕಂತೆ" ಎಂದು ಯಜಮಾನರು ಅನುಮಾನದಿಂದ ನನ್ನನ್ನು ನೋಡಿದರು.

"ಬೇಡ ಸಾರ್, ನಮ್ಮ ಮನೆಯಲ್ಲಿ ಹೊಗೆಗೆ ಬರವಿಲ್ಲ" ಎಂದೆ.

ಮನೆಯಲ್ಲಿ ನಾವಾಡುವುದು ಉರ್ದು. ಅಬ್ಬಾನ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆ ಭಾನುವಾರ ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ತಂತಿಗೆ ಅಮ್ಮಿಯ ಹಳೆಯ ಕಪ್ಪು ಬುರ್ಖಾವನ್ನು ಅಗಲಿಸಿ ಕ್ಲಿಪ್ಪು ಹಾಕಿದೆ. ಅಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನನ್ನ ಬುರ್ಖಾ ಇದ್ಯಾವ ಕೆಲಸಕ್ಕೆ ಬಂತು?" ಎಂದರು. ಅಬ್ಬಾ ಲೋಬಾನದಾನಿಯಲ್ಲಿ ಕೆಂಡ ಹಾಕಿ ತಂದರು. ಸಂಜೆಯ ಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಅವರು ಒಂದು ಚಿಟಿಕೆ ಲೋಬಾನ ಉದುರಿಸಿದರು.

ಹುಟ್ಟಿದಾಗಿನಿಂದ ನೋಡಿದ ಹೊಗೆ ಅದು. ಆದರೂ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎಂದು ಆ ದಿನ ಗೊತ್ತಾಯಿತು. ಕೆಂಡದ ಹತ್ತಿರ ಅದು ನೂಲಿನಂತೆ ನೆಟ್ಟಗೆ ಏಳುತ್ತಿತ್ತು, ಅಂಚುಗಳು ಚೂಪಾಗಿದ್ದವು. ಸ್ವಲ್ಪ ಮೇಲೆ ಹೋದ ಮೇಲೆ ತಿರುಚಿಕೊಂಡು ಎರಡಾಗಿ, ಸೀರೆಯ ನೆರಿಗೆಯಂತೆ ಮಡಿಕೆ ಬೀಳುತ್ತಿತ್ತು. ಅದಕ್ಕೂ ಮೇಲೆ ಹಗುರಾಗಿ ಎಲ್ಲಿ ಮುಗಿಯಿತೆಂದೇ ತಿಳಿಯುತ್ತಿರಲಿಲ್ಲ. ನಾನು ಬಳಿದಿದ್ದ ಹೊಗೆ ಎಲ್ಲ ಕಡೆ ಒಂದೇ ದಪ್ಪ ಇತ್ತು. ಅದಕ್ಕೇ ಹತ್ತಿಯಾಗಿದ್ದು.

"ಊದಲಾ ಬೇಟಿ?" ಅಬ್ಬಾ ಕೇಳಿದರು.

"ಊದಬೇಡಿ ಅಬ್ಬಾ. ಕೈ ಮಾತ್ರ ಆಡಿಸಿ, ಮೆಲ್ಲಗೆ."

ಅವರು ಅಂಗೈ ಆಡಿಸಿದರು. ಹೊಗೆ ಬಾಗಿತು. ನಾನು ತೆಗೆಯುತ್ತಾ ಹೋದೆ, ಅವರು ಉದುರಿಸುತ್ತಾ ಹೋದರು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಏನು ವಿಶೇಷ ಎಂದು ಕೇಳಿದರು. "ಮಗಳ ಆಫೀಸಿನ ಕೆಲಸ" ಎಂದು ಅಬ್ಬಾ ಕೆಮ್ಮುತ್ತಲೇ ಗಂಭೀರವಾಗಿ ಉತ್ತರ ಕೊಟ್ಟರು.

ಮರುದಿನ ಅಂಗಡಿಯಲ್ಲಿ ಆ ಫೋಟೋವನ್ನು ಮಾಂತ್ರಿಕನ ಮೇಲೆ ಹಾಸಿದಾಗ ಪರದೆ ತುಂಬ ಕಪ್ಪು. ತೆಲುಗು ಹುಡುಗ ಹೇಳಿದ ಆಯ್ಕೆ ಒತ್ತಿದೆ. ಬುರ್ಖಾ ಮಾಯವಾಯಿತು. ನಮ್ಮ ಹಿತ್ತಿಲಿನ ಹೊಗೆ ಮಾಂತ್ರಿಕನ ಭುಜದಿಂದ ಮೇಲೆದ್ದು ಕೆನ್ನೆಯ ಮೇಲೆ ಹಾದುಹೋಯಿತು. ನಾನು ಕುರ್ಚಿಯಿಂದ ಎದ್ದು ನಿಂತೆ. ಯಜಮಾನರು ಹೋಗಿ ಎರಡು ಚಹಾ ಹೇಳಿ ಬಂದರು.

ಇನ್ನು ಬೆಳಕು ಉಳಿದಿತ್ತು. ಮಾಂತ್ರಿಕನ ಅಂಗೈಯಲ್ಲಿ ಬೆಂಕಿಯಂಥ ಒಂದು ಉಂಡೆ ಹೊಳೆಯಬೇಕೆಂದು ಮೇಷ್ಟ್ರು ಹೇಳಿ ಕಳಿಸಿದ್ದರು. ನಡುವೆ ಬಿಳಿ, ಸುತ್ತ ಹಳದಿ, ಅದರಾಚೆ ಕಿತ್ತಳೆ ಇಟ್ಟು ಮಸುಕುಗೊಳಿಸಿದೆ. ಹೊಳೆಯಿತು. ಆದರೆ ನಿಜವಾಗಿ ಉರಿಯುತ್ತಿದೆ ಅನ್ನಿಸಲಿಲ್ಲ, ಕೈಗೆ ಮೋಸಂಬಿ ಹಣ್ಣು ಕೊಟ್ಟ ಹಾಗಿತ್ತು. ಬಹಳ ಹೊತ್ತು ನೋಡಿದ ಮೇಲೆ ಕಾರಣ ಹೊಳೆಯಿತು. ಉಂಡೆ ಇಷ್ಟು ಉರಿಯುತ್ತಿದ್ದರೂ ಮಾಂತ್ರಿಕನ ಮುಖಕ್ಕೆ ಅದರ ಸುದ್ದಿಯೇ ಇರಲಿಲ್ಲ. ಮುಖದ ಮೇಲೆ ಬಿದ್ದಿದ್ದುದು ನಮ್ಮ ಅಂಗಡಿಯ ಟ್ಯೂಬ್‌ಲೈಟಿನ ಬೆಳಕು.

ಅಂಗಡಿಯ ಹಿಂದೆ ಫ್ಲೆಕ್ಸ್ ಕಟ್ಟಲು ಬೇಕಾದ ಮರದ ರೀಪುಗಳನ್ನು ಇಡುವ ಕತ್ತಲೆ ಕೋಣೆ ಇದೆ. ಅಲ್ಲೊಂದು ಒಡಕು ಕನ್ನಡಿ. ಬಾಗಿಲು ಹಾಕಿಕೊಂಡು, ಮೊಬೈಲಿನ ಟಾರ್ಚು ಹೊತ್ತಿಸಿ ಅಂಗೈಯಲ್ಲಿಟ್ಟುಕೊಂಡು, ಮಾಂತ್ರಿಕನ ಭಂಗಿಯಲ್ಲೇ ಕೈ ಎತ್ತಿ ಕನ್ನಡಿ ನೋಡಿದೆ. ಗಲ್ಲದ ಕೆಳಗೆ ಬೆಳಕು, ಮೂಗಿನ ಹೊಳ್ಳೆಯ ಅಂಚಿಗೆ ಬೆಳಕು, ಹುಬ್ಬಿನ ಮೂಳೆಗೆ ಒಂದು ಗೆರೆ. ಎಲ್ಲಕ್ಕಿಂತ ಹೆಚ್ಚು ಬಿದ್ದಿದ್ದು ಕೈ ಇದ್ದ ಕಡೆಯ ಕೆನ್ನೆಯ ಮೇಲೆ. ಉಳಿದರ್ಧ ಮುಖ ಕತ್ತಲೆ.

ವಾಪಸು ಬಂದು ಚಿತ್ರವನ್ನೆಲ್ಲ ಕಪ್ಪಾಗಿಸಿ, ಕನ್ನಡಿಯಲ್ಲಿ ಕಂಡ ಹಾಗೆಯೇ ಬೆಳಕು ಹಚ್ಚಲು ಕೂತೆ. ಮಾಂತ್ರಿಕ ಎತ್ತಿದ್ದುದು ಎಡಗೈ. ಬೆಳಕು ಬೀಳಬೇಕಾಗಿದ್ದುದು ಎಡಗೆನ್ನೆಗೆ. ಕೆಲಸಕ್ಕೆ ಅಡ್ಡ ಬರುತ್ತದೆಂದು ಹೊಗೆಯ ಲೇಯರನ್ನು ಆ ಹೊತ್ತಿಗೆ ಮುಚ್ಚಿಟ್ಟಿದ್ದೆ. ಕೆನ್ನೆಗೆ ಹಳದಿ ಹಚ್ಚಲು ಹೋದರೆ ಹಚ್ಚಬೇಕಾದ ಕೆಲಸವೇ ಕಡಿಮೆ ಇತ್ತು. ಮಚ್ಚೆ ಇದ್ದ ಜಾಗ ತಾನಾಗಿ ಬೆಳಕನ್ನು ಹಿಡಿಯಿತು, ಅದರ ಅಂಚು ಕಿವಿಯ ಹತ್ತಿರ ಬೆಳಕು ಮುಗಿಯುವ ಕಡೆಯೇ ಮುಗಿಯಿತು. ಸ್ವಲ್ಪ ದೂರ ಸರಿದು ನೋಡಿದೆ. ಅಂಗೈಯ ಉರಿ ನೆಟ್ಟಗೆ ಆ ಕೆನ್ನೆಯ ಮೇಲೆ ಬಿದ್ದಂತಿತ್ತು. ಇಡೀ ಬ್ಯಾನರಿನಲ್ಲಿ ಅಷ್ಟು ಜೀವವಿದ್ದ ಮುಖ ಇನ್ನೊಂದಿರಲಿಲ್ಲ.

ಆದರೆ ಆಕೆ ಕೇಳಿದ್ದು ಹೊಗೆ. ಕೊಟ್ಟ ಮಾತೂ ಅದೇ. ಕೆನ್ನೆಯ ಮೇಲೆ ಹೊಗೆ ಇರುವ ಫೈಲು ಒಂದು, ಇಲ್ಲದ ಫೈಲು ಒಂದು ಮಾಡಿಟ್ಟು, ಪ್ರಿಂಟಿಗೆ ಕಳಿಸುವ ಮುಂಚೆ ಒಮ್ಮೆ ಬಂದು ನೋಡಿ ಹೋಗಬೇಕೆಂದು ಅಧ್ಯಕ್ಷೆಗೆ ಫೋನು ಮಾಡಿದೆ. "ಮಾಂತ್ರಿಕನ್ನೂ ಕರ್ಕಂಡು ಬನ್ನಿ" ಎಂದು ಸೇರಿಸಿದೆ.

ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಬಂದರು. ಶಾಲೆಯ ಅಡುಗೆ ಮುಗಿಸಿ ಬಂದಿದ್ದರಿಂದ ಆಕೆಯ ಸೀರೆಗೆ ಒಗ್ಗರಣೆಯ ವಾಸನೆಯಿತ್ತು. ಮೊದಲು ಹೊಗೆ ಇದ್ದ ಚಿತ್ರ ತೋರಿಸಿದೆ. ಅಧ್ಯಕ್ಷೆ "ಅಬ್ಬಬ್ಬಾ, ನಿಜ್ವಾದ್ ಹೊಗೆ ಇದ್ದಂಗೇ ಐತಲ್ಲೇ" ಎಂದರು. ನಿಜವಾದದ್ದೇ, ನಮ್ಮ ತಂದೆ ಹಾಕಿದ ಲೋಬಾನದ ಹೊಗೆ ಎಂದೆ. ಆಕೆ ಸೆರಗಿನ ಮರೆಯಲ್ಲೇ ನಕ್ಕು, "ಚೆಂದಾಗೈತೆ ತಾಯಿ" ಎಂದರು.

"ಇನ್ನೊಂದು ಇದೆ, ನೋಡಿ. ಬೇಡವೆಂದರೆ ಬೇಡ" ಎಂದು ಎರಡನೆಯದು ತೆರೆದೆ.

ಆಕೆ ಪರದೆಯ ಹತ್ತಿರಕ್ಕೆ ಬಗ್ಗಿದರು.

"ಅಳ್ಸಿದ್ದೀಯಾ?"

"ಇಲ್ಲಕ್ಕ. ಒಂದು ಚೂರೂ ಮುಟ್ಟಿಲ್ಲ."

"ಮತ್ತೆ ಎಲ್ಲೋಯ್ತು?"

ನಾನು ಬೆಳಕಿನ ಲೇಯರನ್ನು ಮುಚ್ಚಿ ತೋರಿಸಿದೆ. ಮಚ್ಚೆ ಕಂಡಿತು. ತೆರೆದೆ, ಕೆನ್ನೆ ಹೊಳೆಯಿತು. "ಅಲ್ಲೇ ಇದೆ, ನೋಡಿ. ಕೈಯಲ್ಲಿರೋ ಬೆಂಕಿ ಅಲ್ಲಿ ಬಿದ್ದಿದೆ, ಅಷ್ಟೇ."

"ಇನ್ನೊಂದ್ಸಾರಿ ಮಾಡು."

ಮಾಡಿದೆ. ಇನ್ನೊಂದು ಸಲ ಎಂದರು. ಮೌಸು ಆಕೆಯ ಕೈಗೇ ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿದೆ. ಆಕೆ ಬೆಳಕನ್ನು ಆರಿಸಿದರು, ಹಚ್ಚಿದರು, ಆರಿಸಿದರು, ಹಚ್ಚಿದರು. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಸೆರಗು ಆಕೆಯ ಹೆಗಲ ಮೇಲೆ ಜಾರಿತ್ತು, ಆಕೆ ಅದನ್ನು ಎತ್ತಿಕೊಂಡಿರಲಿಲ್ಲ.

"ಈ ಮಚ್ಚೆ ಬಂದ ವರ್ಷ" ಎಂದು ಆಕೆ ಪರದೆಯನ್ನು ನೋಡುತ್ತಲೇ ಹೇಳಿದರು, "ಇವ್ಳ ಕೈನ ಸಾರು ನಮ್ ಮಕ್ಳಿಗೆ ಬ್ಯಾಡ ಅಂತ ಒಂದಿಬ್ರು ತಕರಾರು ತೆಗುದ್ರು. ಡಾಕ್ಟ್ರು ಬಂದು, ಇದು ಅಂಟೋದಲ್ಲ ಅಂದ್ಮ್ಯಾಲೆ ಸುಮ್ಕಾದ್ರು. ಅವತ್ತು ಹೊದ್ದಿದ್ದು ಈ ಸೆರಗು. ಮಕ್ಳು ಏನೂ ಅಂದಿಲ್ಲ ಕಣಮ್ಮ. ಮಕ್ಳು ಅವತ್ತೂ ಎರಡೆರಡು ಸಲ ಹಾಕಿಸ್ಕಂಡು ತಿಂದ್ವು."

"ಯಾವ್ದು ಕಳ್ಸನ ಹೇಳು" ಎಂದು ಅಧ್ಯಕ್ಷೆ ಮೃದುವಾಗಿ ಕೇಳಿದರು. ಅವರ ದನಿಗೆ ಹಾಗೂ ಬರುತ್ತದೆಂದು ಆಗಲೇ ನನಗೆ ಗೊತ್ತಾಗಿದ್ದು.

"ಇದೇ ಇರ್ಲಿ" ಎಂದರು ಆಕೆ. ಆಮೇಲೆ ನನ್ನ ಕಡೆ ತಿರುಗಿ, "ಅಷ್ಟು ಕಷ್ಟಪಟ್ಟು ಮಾಡಿದ್ದೀಯ, ಹೊಗೆ ದಂಡ ಮಾಡ್ಬ್ಯಾಡ. ಕಾಲ್ತಾವ ಬುಡು" ಎಂದರು.

ಹೊಗೆಯನ್ನು ಮಾಂತ್ರಿಕನ ಕಾಲಿನ ಬಳಿಗೆ ತಂದೆ. ಅಲ್ಲಿ ಅದು ಇನ್ನೂ ಚೆನ್ನಾಗಿ ಕೂತಿತು.

ಬ್ಯಾನರು ಅವರೂರಿನ ಬಸ್‌ಸ್ಟಾಪಿನ ಪಕ್ಕ ನಿಂತ ಮರುದಿನ ಅಧ್ಯಕ್ಷೆಯ ಫೋನು ಬಂತು. ಶಾಲೆ ಬಿಟ್ಟ ಮಕ್ಕಳೆಲ್ಲ ಅದರ ಮುಂದೆಯೇ ಇದ್ದಾರೆ, ಬಸ್ಸಿನವನು ಹಾರನ್ ಹೊಡೆದರೂ ಜಾಗ ಬಿಡುತ್ತಿಲ್ಲ ಎಂದರು. "ಒಬ್ಬ ಬಂದು, ಇದೇನು ಕೆನ್ನೆ ಇಂಗೆ ಉರೀತೈತೆ ಅಂದ. ಮಾಂತ್ರಿಕನ ಕೆನ್ನೆ ಕಣ್ಲಾ, ಬೇಕಾರೆ ಮುಟ್ಟಿ ನೋಡು, ಕೈ ಸುಡ್ತದೆ ಅಂದೆ." ಅವರ ನಗುವಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಆಮೇಲೆ ವಿಷಯಕ್ಕೆ ಬಂದರು. ಚಿತ್ರದಲ್ಲಿರುವಂಥ ಹೊಗೆ ಸ್ಟೇಜಿನ ಮೇಲೂ ಬೇಕಂತೆ. ಬ್ಯಾನರಿನಲ್ಲಿ ತೋರಿಸಿ ಸ್ಟೇಜಿನಲ್ಲಿ ಇಲ್ಲ ಎಂದರೆ ಜನ ಒಪ್ಪುವುದಿಲ್ಲವಂತೆ. "ನಿಮ್ಮಪ್ಪಾರು ಬತ್ತಾರಾ ಕೇಳಮ್ಮ."

ಅಬ್ಬಾ ಜೀವಮಾನದಲ್ಲಿ ನಾಟಕ ನೋಡಿದವರಲ್ಲ. ಸ್ವಲ್ಪ ಯೋಚಿಸಿದರು. "ದರ್ಗಾದಲ್ಲಿ ಹಾಕಿದ್ದೇನೆ, ಅಂಗಡಿಗಳಲ್ಲಿ ಹಾಕಿದ್ದೇನೆ, ಮದುವೆ ಮನೆಯಲ್ಲಿ ಹಾಕಿದ್ದೇನೆ. ನಾಟಕದಲ್ಲಿ ಒಂದು ಸಲ ಹಾಕಿದರೆ ತಪ್ಪೇನು?" ಎಂದರು. ಅಮ್ಮಿ ಬುತ್ತಿ ಕಟ್ಟಿಕೊಟ್ಟರು. ಯಜಮಾನರು ತಾವೂ ಬರುತ್ತೇನೆಂದು ಕಾರು ತೆಗೆದರು.

ಸಂಜೆ ನಾವು ಹೋದಾಗ ಶಾಲೆಯ ಮೈದಾನದಲ್ಲಿ ಪರದೆ ಕಟ್ಟಿ ಆಗಿತ್ತು. ತರಗತಿಯ ಕೋಣೆಯೊಂದರಲ್ಲಿ ಬಾಡಿಗೆ ಕಿರೀಟಗಳು, ಬಣ್ಣದ ಡಬ್ಬಿಗಳು. ಬಣ್ಣ ಹಾಕುವವರು ರಾಜನಿಗೆ ಮೀಸೆ ಅಂಟಿಸಿ ಮುಗಿಸಿ ಮಾಂತ್ರಿಕನನ್ನು ಕರೆದರು. ಅವರು ಗುಲಾಬಿ ಬಣ್ಣ ಕಲಸಿಕೊಂಡು, "ಮೊದ್ಲು ಈ ಕಡೆ ದಪ್ಪಗೆ ಹಾಕಿ ಮುಚ್ತೀನಿ ಕಣಮ್ಮ, ಯೋಚ್ನೆ ಮಾಡ್ಬ್ಯಾಡ" ಎಂದು ಎಡಗೆನ್ನೆಗೆ ಕೈ ಚಾಚಿದರು.

ಆಕೆ ಅವರ ಕೈ ಹಿಡಿದುಕೊಂಡರು. "ಬಸ್‌ಸ್ಟಾಪ್‌ತಾವ ಬ್ಯಾನರ್ ನೋಡಿದ್ರೇನಣ್ಣ?"

"ನೋಡ್ದೆ."

"ಅದ್ರಾಗೆ ಹೆಂಗೈತೋ ಅಂಗೇ ಬುಡಿ."

ಅವರು ಒಂದು ಕ್ಷಣ ಕುಂಚ ಹಿಡಿದು ನಿಂತರು. ಆಮೇಲೆ ಬಲಗೆನ್ನೆಗೆ ಕಪ್ಪು ಹಚ್ಚಿ, ಹುಬ್ಬು ಏರಿಸಿ, ಗಡ್ಡ ಕಟ್ಟಿ, ಎಡಗೆನ್ನೆಯ ಮಚ್ಚೆಯ ಅಂಚಿಗೆ ಮಾತ್ರ ಸಣ್ಣಗೆ ಅರಿಸಿನದ ಬಣ್ಣ ತೀಡಿದರು. ಕೆಲಸ ಮುಗಿಸಿ ಕನ್ನಡಿ ಹಿಡಿದರು. ಆಕೆ ನೋಡಿಕೊಂಡರು. ಪಕ್ಕದಲ್ಲಿದ್ದ ರಾಣಿ "ಅಯ್ಯಪ್ಪಾ, ಹೆದ್ರಿಕೆ ಆಯ್ತದೆ ಕಣೇ" ಎಂದು ಎದೆ ಹಿಡಿದುಕೊಂಡರು. ಆಕೆಗೆ ಬಹಳ ಖುಷಿಯಾಯಿತು.

ಅಬ್ಬಾ ಪಕ್ಕದ ಪರದೆಯ ಹಿಂದೆ ಇಟ್ಟಿಗೆಯ ಮೇಲೆ ಲೋಬಾನದಾನಿ ಇಟ್ಟುಕೊಂಡು ಕೂತಿದ್ದರು. ಹಾರ್ಮೋನಿಯಂ ಮೇಷ್ಟ್ರು ತಲೆ ಅಲ್ಲಾಡಿಸಿದಾಗ ಹಾಕಬೇಕು ಎಂದು ಒಪ್ಪಂದ. ಮಾಂತ್ರಿಕನ ಪ್ರವೇಶದ ಹೊತ್ತಿಗೆ ಮೇಷ್ಟ್ರು ತಲೆ ಅಲ್ಲಾಡಿಸಿದರು. ಅಬ್ಬಾ ಉತ್ಸಾಹದಲ್ಲಿ ಒಂದು ಹಿಡಿಯನ್ನೇ ಹಾಕಿಬಿಟ್ಟರು. ಹೊಗೆ ಭರ್ಜರಿಯಾಗಿ ಎದ್ದಿತು. ಆದರೆ ಕೆರೆಯ ಕಡೆಯಿಂದ ಗಾಳಿ ಬೀಸಿ, ಅಷ್ಟೂ ಹೊಗೆ ಮಾಂತ್ರಿಕನನ್ನು ಬಿಟ್ಟು ಸಿಂಹಾಸನದ ಕಡೆ ಹೋಯಿತು. ರಾಜನಿಗೆ ಕೆಮ್ಮು ಹತ್ತಿತು. ಮೀಸೆಯ ಒಂದು ತುದಿ ಕಿತ್ತುಬಂತು. ಜನ ನಗಲು ಶುರುಮಾಡುವಷ್ಟರಲ್ಲಿ ಮಾಂತ್ರಿಕ ಎರಡು ಹೆಜ್ಜೆ ಮುಂದೆ ಬಂದು, ಎಡಗೈ ಎತ್ತಿ, ಪುಸ್ತಕದಲ್ಲಿ ಇಲ್ಲದ ಮಾತು ಹೇಳಿದ.

"ಎಲೈ ರಾಜನೇ! ನನ್ನ ಹೊಗೆಗೇ ಇಷ್ಟು ಕೆಮ್ಮಿದೆ. ಇನ್ನು ನನ್ನ ಬೆಂಕಿಯನ್ನು ಹೇಗೆ ತಾಳುವೆ?"

ಮೈದಾನ ಚಪ್ಪಾಳೆಯಲ್ಲಿ ಮುಳುಗಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮಕ್ಕಳಿಗೆ ಆ ದನಿ ಯಾರದೆಂದು ಗೊತ್ತಾಗಿ, "ಅಡುಗೆ ಆಂಟೀ! ನಮ್ ಅಡುಗೆ ಆಂಟಿ ಕಣ್ಲಾ!" ಎಂದು ಎದ್ದು ಕುಣಿಯತೊಡಗಿದರು. ಮಾಂತ್ರಿಕ ಅವರ ಕಡೆ ಕಣ್ಣು ಕೆಕ್ಕರಿಸಿದ. ಅವರು ಕಿರುಚಿ ಇನ್ನಷ್ಟು ಕುಣಿದರು. ನಾನು ಸ್ಟೇಜಿನ ಪಕ್ಕ ನಿಂತಿದ್ದೆ. ಎದುರಿನ ಹಳದಿ ದೀಪ ಆಕೆಯ ಎಡಗೆನ್ನೆಯ ಮೇಲೆ ಬಿದ್ದಿತ್ತು. ಆ ಬೆಳಕನ್ನು ನಾನು ಹಚ್ಚಿದ್ದಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು. ಹೊಗೆಗೆ ಎಂದು ಯಜಮಾನರಿಗೆ ಹೇಳಿದೆ. ಅವರೂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ದಾರಿಯಲ್ಲಿ ಅಬ್ಬಾ ಗಾಳಿಯನ್ನು ಬೈದುಕೊಂಡರು. ಮುಂದಿನ ಸಲ ಸ್ಟೇಜಿನ ಆ ಕಡೆ ಕೂರಬೇಕು ಎಂದರು. ಮುಂದಿನ ಸಲ ಎಂಬುದೊಂದು ಇದೆ ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಆ ನಾಟಕದಿಂದ ಊರು ಬದಲಾಯಿತು ಎಂದು ನಾನು ಬರೆಯಲಾರೆ. ಆಕೆ ಈಗಲೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಾರೆ. ಬಿಸಿಲಿಗೆ ಹೊರಟರೆ ಈಗಲೂ ಸೆರಗು ಹೊದೆಯುತ್ತಾರೆ. ಮಚ್ಚೆಗೆ ಬಿಸಿಲು ಉರಿಯುತ್ತದಂತೆ. ನೆರಳಿಗೆ ಬಂದ ಮೇಲೆ ತೆಗೆಯುತ್ತಾರೆ. ಸಂತೆಗೆಂದು ಶಿರಾಕ್ಕೆ ಬಂದಾಗ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು, ನನ್ನ ಕೆಲಸ ನೋಡುತ್ತಾ, "ಇವ್ನ ಮೂಗಿಗೆ ಬೆಳಕು ಬಿದ್ದಿಲ್ವಲ್ಲಮ್ಮ" ಎಂದು ತಪ್ಪು ಹುಡುಕುತ್ತಾರೆ. ಬಹಳ ಸಲ ಅವರು ಹೇಳುವುದು ಸರಿಯಾಗಿರುತ್ತದೆ.

ನನ್ನ ಕೆಲಸವೂ ಬೇರೆಯಾಯಿತು. ತಲೆಯ ಹಿಂದೆ ಸೂರ್ಯ ಕೇಳುವವರು ಈಗಲೂ ಬರುತ್ತಾರೆ, ಹಾಕಿಕೊಡುತ್ತೇನೆ. ಆದರೆ ಈಗ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಮೊದಲು ಕೇಳಿಕೊಳ್ಳುತ್ತೇನೆ, ಆಮೇಲೆ ಮೌಸು ಹಿಡಿಯುತ್ತೇನೆ. ಹುಲಿಕುಂಟೆ ಕಡೆಯಿಂದ ಇನ್ನೊಂದು ಹೆಂಗಸರ ತಂಡ ಬಂತು. ಕೊರಟಗೆರೆಯಿಂದ ಬಂದವರು ಸಿದ್ದರಬೆಟ್ಟದ ಬಂಡೆಗಳ ಹಿಂದೆ ಬೆಳಗಿನ ಜಾವದ ಮಂಜು ಬೇಕೆಂದರು. ಮಂಜಿಗೂ ಹೊಗೆಗೂ ಏನು ವ್ಯತ್ಯಾಸ ಎಂದು ತಿಳಿಯಲು ಅಬ್ಬಾನ ಸ್ಕೂಟರಿನಲ್ಲಿ ಅಲ್ಲಿಯವರೆಗೂ ಹೋಗಿ ಬಂದೆ. ಮಂಜು ಮೇಲೇಳುವುದಿಲ್ಲ, ತಗ್ಗಿಗೆ ಇಳಿದು ಮಲಗುತ್ತದೆ. ಯಜಮಾನರು ನನಗೆಂದು ಹೊಸ ಕಂಪ್ಯೂಟರು ತರಿಸಿದ್ದಾರೆ. ಹಳೆಯದರಂತೆ ಅದು ನಡುವೆ ನಿಂತುಹೋಗುವುದಿಲ್ಲ.

ಕಳೆದ ವಾರ ಮಧುಗಿರಿಯಿಂದ ಒಂದು ತಂಡ ಬಂದಿತ್ತು. ಬರೀ ಹೆಂಗಸರು, ಒಬ್ಬರಿಗಿಂತ ಒಬ್ಬರು ಜೋರು. ಅವರ ನಾಟಕದ ಕೊನೆಯಲ್ಲಿ ಮಳೆ ಬರುತ್ತದಂತೆ. ಬ್ಯಾನರಿನಲ್ಲಿ ಎಲ್ಲರೂ ನೆನೆಯುತ್ತಾ ನಿಂತಿರಬೇಕು ಎಂದರು.

"ಎಂಥ ಮಳೆ ಅಕ್ಕ? ಸೋನೆನಾ, ಜೋರಾ?"

ಅವರವರೇ ಮುಖ ಮುಖ ನೋಡಿಕೊಂಡರು. "ಮೊದಲ್ನೇ ಮಳೆ ಕಣಮ್ಮ. ಧೂಳೆಲ್ಲ ಮೇಲೆದ್ದು, ದಪ್ಪದಪ್ಪ ಹನಿ ಬೀಳ್ತದಲ್ಲ, ಅದು."

ಆಗಲಿ ಎಂದೆ. ಅದನ್ನು ಹೇಗೆ ಮಾಡುವುದೆಂದು ಇನ್ನೂ ಗೊತ್ತಿಲ್ಲ. ಮೂರು ದಿನದಿಂದ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತಿದೆ. ಮೊಬೈಲು ಚಾರ್ಜಿಗೆ ಹಾಕಿ, ಅಂಗಡಿಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕಾಯುತ್ತಿದ್ದೇನೆ.